ದಿನಕ್ಕೊಂದು ಫೋಟೊ: ಶುರು ಮಾಡೋದು ಹೇಗೆ, ನಿಲ್ಲದಂತೆ ನಡೆಸೋದು ಹೇಗೆ?

ದಿನಕ್ಕೊಂದು ಹೊಸ ಫೋಟೊ ತೆಗೆಯಬೇಕು. ಅದನ್ನು ಅವತ್ತೇ ನಾಲ್ಕು ಜನರಿಗೆ ತೋರಿಸಬೇಕು. ಇಷ್ಟೇ ಕೆಲಸ. ಮೊದಲ ವಾರ ಹುರುಪಿನಲ್ಲಿ ಕಳೆಯುತ್ತದೆ. ಎರಡನೇ ವಾರ, ಸುತ್ತಮುತ್ತ ತೆಗೆಯುವಂಥದ್ದು ಏನೂ ಉಳಿದಿಲ್ಲ ಅನಿಸತೊಡಗುತ್ತದೆ. ಮೂರನೇ ವಾರ ಒಂದು ದಿನ ತಪ್ಪುತ್ತದೆ, ಆಮೇಲೆ ಎರಡು ದಿನ, ಅಲ್ಲಿಗೆ ಮುಗಿಯಿತು. ನಾನೂ ಎರಡು ಸಲ ಕೈಬಿಟ್ಟೆ. ಮೂರನೇ ಸಲ ಹಿಡಿದದ್ದು ಇವತ್ತಿಗೂ ನಡೆಯುತ್ತಿದೆ. ಮೊಬೈಲು ಅದೇ, ಮನೆಯೂ ಅದೇ. ಈ ಸಲ ‘ಒಂದು’ ಅನ್ನೋ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದಿನಕ್ಕೆ ಒಂದೇ ಫೋಟೊ, ಅದನ್ನು ಆರಿಸೋದು ಅವತ್ತೇ, ತೋರಿಸೋದೂ ಅವತ್ತೇ.

ಈ ‘ಒಂದೇ’ ಅನ್ನೋದಕ್ಕೆ ಎಷ್ಟು ಬಲ ಇದೆ ಅಂತ ತಿಳಿಯಬೇಕಾದರೆ ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಅವರನ್ನು ನೆನೆಯಬೇಕು. 1979ರ ಮಾರ್ಚ್ 31ರಂದು ಅವರು ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ದಿನಕ್ಕೊಂದು ಫೋಟೊ ತೆಗೆಯಲು ಶುರು ಮಾಡಿದರು. ಆ ಕ್ಯಾಮೆರಾ ಫೋಟೊವನ್ನು ಕೂಡಲೇ ಕಾಗದದ ಮೇಲೆ ಹೊರಹಾಕುತ್ತದೆ. ಫಿಲ್ಮಿನ ಒಂದು ಪ್ಯಾಕಿನಲ್ಲಿ ಇರುತ್ತಿದ್ದದ್ದು 10 ಫೋಟೊ. ಇನ್ನೊಂದು ಸಲ ತೆಗೆದು ನೋಡೋಣ ಅನ್ನೋ ಧಾರಾಳಕ್ಕೆ ಅಲ್ಲಿ ಜಾಗವಿರಲಿಲ್ಲ. 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೂ, ಅಂದರೆ 18 ವರ್ಷಕ್ಕೂ ಹೆಚ್ಚು ಕಾಲ, ಇದನ್ನು ನಡೆಸಿದರು. ಉಳಿದದ್ದು 6,000ಕ್ಕೂ ಹೆಚ್ಚು ಫೋಟೊ. ಗೆಳೆಯರು, ಊಟದ ಮೇಜು, ಮಬ್ಬು ಕೋಣೆ, ಕೊನೆಗೆ ಆಸ್ಪತ್ರೆಯ ಹಾಸಿಗೆ. ಒಂದೊಂದಾಗಿ ನೋಡಿದರೆ ಎಷ್ಟೋ ಫೋಟೊ ಸಾಧಾರಣ. ಸಾಲಾಗಿ ನೋಡಿದರೆ ಒಬ್ಬ ಮನುಷ್ಯನ ಬದುಕೇ ಕಣ್ಣ ಮುಂದೆ ಬರುತ್ತದೆ.

ನಮ್ಮ ಕೈಯಲ್ಲಿ ಈಗ ಎಣಿಸದಷ್ಟು ಫೋಟೊ ತೆಗೆಯೋ ಯಂತ್ರ ಇದೆ. ಹಾಗಾಗಿ ಆ ಕಟ್ಟುನಿಟ್ಟನ್ನು ನಾವೇ ತಂದುಕೊಳ್ಳಬೇಕು.

ಮೊದಲು ನಾಲ್ಕು ಸಾಲು ಬರೆಯಿರಿ

ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದಿನ ಮುಗಿಯೋದು ಯಾವಾಗ? ರಾತ್ರಿ 12ಕ್ಕೋ, ನಾನು ಮಲಗಿದಾಗಲೋ? ನನ್ನ ಮಟ್ಟಿಗೆ ಮಲಗಿದಾಗ. ಹಳೇ ಫೋಟೊ ನಡೆಯುತ್ತದಾ? ಇಲ್ಲ. ಯಾವ ಕ್ಯಾಮೆರಾ? ಜೇಬಿನಲ್ಲಿರೋದು. ಎಲ್ಲಿ ಹಂಚೋದು? ಒಂದೇ ಜಾಗದಲ್ಲಿ. ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ, ರಾತ್ರಿ ಹನ್ನೊಂದೂವರೆಗೆ ಸುಸ್ತಾಗಿ ಕೂತಾಗ ಮನಸ್ಸು ತನಗೆ ಬೇಕಾದ ನಿಯಮ ಮಾಡಿಕೊಳ್ಳುತ್ತದೆ.

ವರ್ಷಪೂರ್ತಿ ಅಂತ ಪಣ ತೊಡಬೇಡಿ. 30 ದಿನ ಅನ್ನಿ, ಸಾಕು. ಮೂವತ್ತು ಮುಗಿದ ಮೇಲೆ ಇನ್ನೊಂದು ಮೂವತ್ತು.

ಮೊಬೈಲು ಸಾಕು, ಲೆನ್ಸ್ ಮಾತ್ರ ಒರೆಸಿ

ಹೊಸ ಕ್ಯಾಮೆರಾ ಕೊಂಡಮೇಲೆ ಶುರು ಮಾಡೋಣ ಅನ್ನೋ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊದಲ್ಲಿ ಉದ್ದಕ್ಕೆ ಸುಮಾರು 4,000, ಅಗಲಕ್ಕೆ ಸುಮಾರು 3,000 ಚುಕ್ಕೆಗಳಿರುತ್ತವೆ. ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪ್ರಿಂಟನ್ನೂ ಇದರಲ್ಲಿ ಚೆನ್ನಾಗಿ ತೆಗೆಯಬಹುದು.

ಮೂರು ಸಣ್ಣ ಕೆಲಸ ಇವತ್ತೇ ಮಾಡಿ. ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ಕೂತಿದ್ದರೆ ದೀಪದ ಬೆಳಕೆಲ್ಲ ಗೀರುಗೀರಾಗಿ ಹರಡಿಕೊಳ್ಳುತ್ತದೆ, ಇಡೀ ಫೋಟೊ ಮಂಜು ಕವಿದ ಹಾಗೆ ಕಾಣುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಆನ್ ಮಾಡಿ, ಗೋಡೆ ಬಾಗಿಲು ಓರೆಯಾಗೋದು ತಪ್ಪುತ್ತದೆ. ಬೆರಳಿನಲ್ಲಿ ಎಳೆದು ಜೂಮ್ ಮಾಡೋ ಅಭ್ಯಾಸ ಬಿಡಿ. ಸಾಧ್ಯವಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ.

ಬೆಳಿಗ್ಗೆಯೇ ಒಂದು ಫೋಟೊ ಕೈಯಲ್ಲಿರಲಿ

ನಾನು ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಂದು ಫೋಟೊ ತೆಗೆದುಬಿಡಿ. ಅದು ಬಹಳ ಚೆನ್ನಾಗಿರಬೇಕು ಅಂತಿಲ್ಲ. ಅವತ್ತಿನ ಲೆಕ್ಕಕ್ಕೆ ಒಂದಿದೆ ಅನ್ನೋ ಧೈರ್ಯ ಬರುತ್ತದೆ, ಆಮೇಲೆ ದಿನವಿಡೀ ಕಣ್ಣು ಹಗುರಾಗಿ ಓಡಾಡುತ್ತದೆ. ಅದಕ್ಕಿಂತ ಒಳ್ಳೆಯದು ಸಿಕ್ಕರೆ ಅದನ್ನು ಆರಿಸಿ. ಸಿಗದಿದ್ದರೆ ಬೆಳಗಿನದೇ ಇವತ್ತಿನದು.

ಬೆಳಿಗ್ಗೆ ಮತ್ತು ಸಂಜೆ ಸೂರ್ಯ ಕೆಳಗಿರುತ್ತಾನೆ. ಬೆಳಕು ಪಕ್ಕದಿಂದ ಬೀಳುತ್ತದೆ, ನೆರಳು ಉದ್ದವಾಗುತ್ತದೆ, ಗೋಡೆಯ ಒರಟು ಮೈ ಕೂಡ ಎದ್ದು ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಮುಖ ತೆಗೆದರೆ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಹಾಗೆ ಬರುತ್ತದೆ. ಆ ಹೊತ್ತಿನಲ್ಲಿ ಒಳಗೆ ಬಂದು ಕಿಟಕಿಯ ಪಕ್ಕ ನಿಲ್ಲಿಸಿ ತೆಗೆಯಿರಿ. ಕಿಟಕಿಯಿಂದ ದೂರ ಹೋದಷ್ಟೂ ಬೆಳಕು ಬಹಳ ಬೇಗ ಕಡಿಮೆಯಾಗುತ್ತದೆ. ಒಂದೇ ಹೆಜ್ಜೆ ಹತ್ತಿರ ಬಂದರೂ ಫೋಟೊ ಬದಲಾಗುತ್ತದೆ.

ಏನನ್ನು ತೆಗೆಯೋದು?

ಎಲ್ಲರೂ ಸೋಲೋದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಲವತ್ತನೇ ದಿನದ ಹತ್ತಿರ ಇರಬೇಕು. ಹೊರಗೆ ಜಿಟಿಜಿಟಿ ಮಳೆ, ನನಗೆ ಜ್ವರ. ಕಿಟಕಿಯ ಕಟ್ಟೆ ಮೇಲೆ ಅರ್ಧ ಕುಡಿದಿಟ್ಟ ಗಾಜಿನ ಲೋಟ. ಬೇರೇನೂ ಇರಲಿಲ್ಲ. ಮೊದಲ ಫೋಟೊ ನಿಂತುಕೊಂಡೇ ತೆಗೆದೆ. ಲೋಟ ಲೋಟದ ಹಾಗೇ ಬಂತು, ಹಿಂದೆ ಬೆಳ್ಳಗಾಗಿ ಹೋದ ಕಿಟಕಿ. ಆಮೇಲೆ ಮಂಡಿಯೂರಿ, ನೀರಿನ ಮಟ್ಟ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಕೂತೆ. ನೀರಿನ ಮೇಲ್ಮೈ ಒಂದು ತೆಳ್ಳನೆ ಬೆಳ್ಳಿ ಗೆರೆಯಾಯಿತು. ಆಗ ಕಂಡಿತು ನೋಡಿ, ಲೋಟದೊಳಗೆ ಹೊರಗಿನ ಮರ! ಎಡಕ್ಕಿದ್ದ ಕೊಂಬೆ ಬಲಕ್ಕೆ ಬಂದಿತ್ತು. ನೀರು ತುಂಬಿದ ದುಂಡನೆ ಲೋಟ ಮಸೂರದ ಕೆಲಸ ಮಾಡುತ್ತದೆ, ಹಿಂದಿರುವುದನ್ನು ಎಡಬಲ ತಿರುಗಿಸಿ ತೋರಿಸುತ್ತದೆ. ಪರದೆಯಲ್ಲಿ ಆ ಪುಟ್ಟ ಮರದ ಮೇಲೆ ಬೆರಳಿಟ್ಟು ಫೋಕಸ್ ಮಾಡಿದೆ. ಪಕ್ಕದಲ್ಲಿ ಬಂದ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿದೆ. ಕಿಟಕಿಯ ಚೌಕಟ್ಟು ಕಪ್ಪಾಗಿ ಹಿಂದೆ ಸರಿಯಿತು, ಲೋಟದೊಳಗಿನ ಮರ ಮಾತ್ರ ಉಳಿಯಿತು. ಆರನೇ ಫೋಟೊ ಅದು. ಹಾಸಿಗೆಯಿಂದ ಮೂರು ಹೆಜ್ಜೆ ಆಚೆ.

ಇದರಲ್ಲಿ ಯಾರು ಬೇಕಾದರೂ ಮಾಡಬಹುದಾದ ಕ್ರಮ ಇದೆ. ಒಂದು ವಸ್ತು ಹಿಡಿದುಕೊಳ್ಳಿ. ಮೊದಲು ಕಂಡ ಹಾಗೆ ತೆಗೆಯಿರಿ. ಆಮೇಲೆ ಎತ್ತರ ಬದಲಿಸಿ: ಕೂತು, ನೆಲಕ್ಕೆ ತಾಗಿಸಿ, ನೇರ ಮೇಲಿನಿಂದ. ಆಮೇಲೆ ಬೆಳಕಿನ ದಿಕ್ಕು ಬದಲಿಸಿ: ಬೆಳಕು ಬೆನ್ನ ಹಿಂದೆ, ಪಕ್ಕದಲ್ಲಿ, ಎದುರಿಗೆ. ಇನ್ನೂ ಹತ್ತಿರ ಹೋಗಿ. ಒತ್ತುವ ಮುನ್ನ ಚೌಕಟ್ಟಿನ ನಾಲ್ಕು ಅಂಚನ್ನೂ ಒಮ್ಮೆ ನೋಡಿ. ಬೇಡದ ಚಾರ್ಜರ್ ವೈರು, ಅರ್ಧ ಕತ್ತರಿಸಿದ ಕೈ, ಇವೆಲ್ಲ ಅಂಚಿನಲ್ಲೇ ಕೂತಿರುತ್ತವೆ. ಹತ್ತಕ್ಕಿಂತ ಜಾಸ್ತಿ ಬೇಡ. ಐವತ್ತು ತೆಗೆದರೆ ಆರಿಸುವಾಗ ತಲೆ ಕೆಡುತ್ತದೆ.

ಏನೂ ಹೊಳೆಯದ ದಿನಗಳಿಗೆ ವಾರಕ್ಕೊಂದು ವಿಷಯ ಇಟ್ಟುಕೊಳ್ಳಿ. ಈ ವಾರ ನೆರಳು, ಮುಂದಿನ ವಾರ ಕೈಗಳು, ಆಮೇಲೆ ಬಾಗಿಲು, ಕೆಂಪು ಬಣ್ಣ, ನೀರು. ಒಂದೇ ವಿಷಯವನ್ನು ವರ್ಷಗಟ್ಟಲೆ ಹಿಡಿದವರೂ ಇದ್ದಾರೆ. ನೋವಾ ಕಲೀನಾ ಅನ್ನೋ ಅಮೆರಿಕದ ಛಾಯಾಗ್ರಾಹಕರು 2000ದ ಜನವರಿಯಿಂದ ದಿನಾ ತಮ್ಮ ಮುಖದ ಫೋಟೊ ತೆಗೆದುಕೊಳ್ಳುತ್ತಾ ಬಂದರು. 2006ರಲ್ಲಿ ಅವನ್ನೆಲ್ಲ ಜೋಡಿಸಿ ವಿಡಿಯೊ ಮಾಡಿ ಹಾಕಿದಾಗ ಲಕ್ಷಾಂತರ ಜನ ನೋಡಿದರು. ಮುಖ ಬೇಡ ಅಂದರೆ ಒಂದು ಮರ, ಒಂದು ಕಿಟಕಿ, ಒಂದು ತಿರುವು ಕೂಡ ಆದೀತು.

ಆರಿಸೋದಕ್ಕೆ ಐದು ನಿಮಿಷ, ತಿದ್ದೋದಕ್ಕೆ ಎರಡು

ಗ್ಯಾಲರಿಯಲ್ಲಿ ಫೋಟೊಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಮಾಡಿ ನೋಡಿ. ಅಷ್ಟು ಚಿಕ್ಕದರಲ್ಲೂ ಯಾವುದು ಕಣ್ಣಿಗೆ ಹೊಡೆಯುತ್ತದೋ ಅದೇ ಸಾಮಾನ್ಯವಾಗಿ ಗಟ್ಟಿ ಫೋಟೊ. ಎರಡು ಸಮಸಮ ಅನಿಸಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹತ್ತು ವರ್ಷ ಬಿಟ್ಟು ನೋಡಿದಾಗ ಇವತ್ತಿನ ದಿನವನ್ನು ಯಾವುದು ನೆನಪಿಸುತ್ತದೆ? ಉಳಿದದ್ದನ್ನು ನಾಳೆಗೆ ಅಂತ ಎತ್ತಿಡಬೇಡಿ. ಇಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಎತ್ತಿಟ್ಟದ್ದು ಇದೆ ಅಂತಾದರೆ ನಾಳೆ ಕಣ್ಣು ತೆರೆದು ನೋಡೋ ಅಗತ್ಯವೇ ಬೀಳೋದಿಲ್ಲ, ಅಲ್ವಾ?

ತಿದ್ದೋದು ಅಂದರೆ ಓರೆ ಸರಿಮಾಡಿ, ಬೇಡದ ಅಂಚು ಕತ್ತರಿಸಿ, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡಿ. ಸಾಕು.

ಒಂದು ಸಾಲು ಬರೆಯಿರಿ

ನಾಸಾ 1995ರ ಜೂನ್ 16ರಿಂದ ದಿನಕ್ಕೊಂದು ಆಕಾಶದ ಚಿತ್ರ ಹಾಕುತ್ತಾ ಬಂದಿದೆ. ಪ್ರತಿ ಚಿತ್ರದ ಕೆಳಗೆ ಖಗೋಳ ವಿಜ್ಞಾನಿಯೊಬ್ಬರು ಬರೆದ ಪುಟ್ಟ ವಿವರಣೆ ಇರುತ್ತದೆ. ಅದನ್ನು ಓದಿ ಮತ್ತೆ ಚಿತ್ರ ನೋಡಿದರೆ ಮೊದಲು ಕಾಣದ್ದು ಕಾಣುತ್ತದೆ. ನಮ್ಮ ಒಂದು ಸಾಲೂ ಅಂಥದ್ದಾಗಿರಲಿ. ‘ಮಳೆ’ ಅಂತ ಬರೆದರೆ ಏನು ಬಂತು? ಫೋಟೊದಲ್ಲೇ ಕಾಣುತ್ತಿದೆ. ‘ಮಳೆ ನಿಂತು ಐದು ನಿಮಿಷ. ತಂತಿಯ ಮೇಲೆ ಇನ್ನೂ ಏಳು ಹನಿ’ ಅಂತ ಬರೆದರೆ ನೋಡುವವರು ಹನಿ ಎಣಿಸುತ್ತಾರೆ. ಕಣ್ಣು ಕಾಣದ ಗೆಳೆಯರಿಗಾಗಿ ಫೋಟೊದಲ್ಲಿ ಏನಿದೆ ಅನ್ನೋದನ್ನು ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ತುಂಬಿ. ಅವರ ಮೊಬೈಲು ಅದನ್ನು ಓದಿ ಹೇಳುತ್ತದೆ.

ಯಾರಿಗೆ ತೋರಿಸೋದು, ಏನನ್ನು ತೋರಿಸಬಾರದು

ಊರಿಗೆಲ್ಲ ತೋರಿಸಬೇಕಿಲ್ಲ. ಶುರುವಿಗೆ ನಾಲ್ಕೈದು ಜನರ ಒಂದು ಗುಂಪು ಒಳ್ಳೆಯದು. ಸಾವಿರ ಜನ ಸುಮ್ನೆ ಬೆರಳಾಡಿಸಿ ಮುಂದೆ ಹೋಗೋದಕ್ಕಿಂತ, ‘ಇವತ್ತಿನದು ಇನ್ನೂ ಬಂದಿಲ್ಲವಲ್ಲ’ ಅಂತ ಕೇಳೋ ಒಬ್ಬರು ನಿಮ್ಮನ್ನು ನಡೆಸುತ್ತಾರೆ. ಎಷ್ಟು ಲೈಕ್ ಬಂತು ಅಂತ ಎಣಿಸತೊಡಗಿದರೆ ಲೈಕ್ ಬರೋ ಫೋಟೊಗಳನ್ನೇ ತೆಗೆಯತೊಡಗುತ್ತೀರಿ. ಹತ್ತು ದಿನದಲ್ಲಿ ಎಲ್ಲವೂ ಸೂರ್ಯಾಸ್ತ ಆಗಿಬಿಡುತ್ತದೆ.

ದಿನಾ ಹಂಚೋದರಲ್ಲಿ ಒಂದು ಅಪಾಯವೂ ಇದೆ. ಒಂದು ಫೋಟೊ ಏನೂ ಹೇಳದಿದ್ದರೂ ನೂರು ಫೋಟೊ ಸೇರಿ ನಿಮ್ಮ ದಿನಚರಿಯನ್ನೇ ಹೇಳಿಬಿಡುತ್ತವೆ. ಎಷ್ಟು ಗಂಟೆಗೆ ಹೊರಡುತ್ತೀರಿ, ಯಾವ ದಾರಿ, ಮಗುವಿನ ಶಾಲೆ ಯಾವುದು, ಮನೆ ಯಾವಾಗ ಖಾಲಿ ಇರುತ್ತದೆ, ಎಲ್ಲವನ್ನೂ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಡಿ. ಅದು ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೊ ಫೈಲಿನೊಳಗೇ ಸೇರಿಕೊಳ್ಳುತ್ತದೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ವಿವರವೂ ಜೊತೆಗೇ ಹೋಗುತ್ತದೆ. ಮನೆ ನಂಬರು, ಗಾಡಿ ನಂಬರು, ಶಾಲೆಯ ಬ್ಯಾಡ್ಜು ಫೋಟೊದಲ್ಲಿ ಬಂದಿದೆಯಾ ಅಂತ ನೋಡಿ. ಪ್ರವಾಸದ ಫೋಟೊವನ್ನು ಆ ಜಾಗ ಬಿಟ್ಟ ಮೇಲೆ ಹಾಕಿ.

ಜನರ ಫೋಟೊ ತೆಗೆದರೆ ಅವರಿಗೆ ತೋರಿಸಿ, ಹಂಚಬಹುದಾ ಅಂತ ಕೇಳಿ. ಬೇಡ ಅಂದರೆ ಬೇಡ. ಬೆಳಗಿನ ಫೋಟೊ ಹೇಗೂ ಕೈಯಲ್ಲಿದೆ.

ತಪ್ಪಿದ ದಿನ

ತಪ್ಪಿಯೇ ತಪ್ಪುತ್ತದೆ. ಮರುದಿನ ಎರಡು ತೆಗೆದು ಲೆಕ್ಕ ಸರಿಮಾಡಬೇಡಿ. ಆ ತಾರೀಕನ್ನು ಖಾಲಿ ಬಿಡಿ, ಕಾರಣ ಒಂದು ಸಾಲಿನಲ್ಲಿ ಬರೆದಿಡಿ. ನನ್ನ ಫೋಟೊಗಳ ಸಾಲಿನಲ್ಲಿ ಇಂಥ ಹನ್ನೊಂದು ಖಾಲಿ ಜಾಗಗಳಿವೆ. ಅವುಗಳಲ್ಲಿ ಒಂದು ಅಜ್ಜಿ ತೀರಿಕೊಂಡ ದಿನ. ಅಲ್ಲಿ ಯಾವ ಫೋಟೊ ಇದ್ದರೂ ಸರಿಹೋಗುತ್ತಿರಲಿಲ್ಲ.

ಜೋಪಾನ ಮಾಡಿ

ಎರಡನೇ ಸಲ ಕೈಬಿಟ್ಟದ್ದಕ್ಕೆ ಕಾರಣ ಸೋಮಾರಿತನ ಆಗಿರಲಿಲ್ಲ. ರಿಪೇರಿಗೆ ಕೊಟ್ಟ ಮೊಬೈಲು ಖಾಲಿಯಾಗಿ ವಾಪಸ್ ಬಂತು. ಎಪ್ಪತ್ತು ದಿನದ ಫೋಟೊ ಹೋಯಿತು, ಬೇರೆಲ್ಲೂ ಪ್ರತಿ ಇರಲಿಲ್ಲ. ಆ ಸಂಕಟ ನಿಮಗೆ ಬೇಡ. ಒಂದು ಫೋಟೊ ಸುಮಾರು 4 ಎಂಬಿ ಅಂದರೂ 365 ಫೋಟೊ ಸೇರಿ 1.5 ಜಿಬಿಯಷ್ಟೇ. ಮೂರು ಪ್ರತಿ ಇಡಿ: ಮೊಬೈಲಿನಲ್ಲಿ ಒಂದು, ಕಂಪ್ಯೂಟರ್ ಅಥವಾ ಪೆನ್‌ಡ್ರೈವಿನಲ್ಲಿ ಒಂದು, ಮನೆಯಿಂದ ಹೊರಗೆ, ಅಂದರೆ ಕ್ಲೌಡ್‌ನಲ್ಲಿ ಒಂದು. ಫೈಲಿನ ಹೆಸರು ವರ್ಷ-ತಿಂಗಳು-ದಿನ ಅನ್ನೋ ಕ್ರಮದಲ್ಲಿರಲಿ. 2025-06-14 ಅಂತ ಹೆಸರಿಟ್ಟರೆ ಸಾಲು ತಾನಾಗೇ ಸರಿಯಾಗಿ ಕೂರುತ್ತದೆ.

ತಿಂಗಳ ಕೊನೆಗೆ ಒಟ್ಟಿಗೆ ಹರಡಿ ನೋಡಿ

ಮೂವತ್ತನ್ನೂ ಒಂದೇ ಪರದೆಯ ಮೇಲೆ ಹರಡಿ. ಯಾವುದು ಚೆನ್ನಾಗಿದೆ ಅಂತ ಹುಡುಕಬೇಡಿ. ಯಾವುದು ಮತ್ತೆ ಮತ್ತೆ ಬಂದಿದೆ, ಯಾವುದು ಬಂದೇ ಇಲ್ಲ, ಅದನ್ನು ನೋಡಿ. ನನ್ನ ಮೊದಲ ತಿಂಗಳ ಮೂವತ್ತರಲ್ಲಿ ಇಪ್ಪತ್ತಾರು ಫೋಟೊ ನಿಂತ ಎತ್ತರದಿಂದ ತೆಗೆದವು. ಒಬ್ಬ ಮನುಷ್ಯನೂ ಇರಲಿಲ್ಲ. ಎಲೆ, ಬಾಗಿಲು, ನೆರಳು, ಮೋಡ. ಅದೇ ಮನೆಯಲ್ಲಿ ನಾಲ್ಕು ಜನ ಇದ್ದೆವು.

ಮರುದಿನ ಬೆಳಿಗ್ಗೆ ಅಮ್ಮ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತೆಗೆಯಲಾ ಅಂತ ಕೇಳಿದೆ. ಮುಖ ಬೇಡ, ಕೈ ಬೇಕಾದರೆ ತೆಗಿ ಅಂದಳು. ನೆಲದ ಮೇಲೆ ಕೂತೆ. ಮೂವತ್ತೊಂದನೇ ದಿನದ ಫೋಟೊ ಅದು.