ಒಪ್ಪಿ ಬೇರೆಯಾಗಲು ಎಷ್ಟು ಖರ್ಚು? ವಕೀಲರ ಹತ್ತಿರ ಹೋಗುವ ಮೊದಲೇ ಲೆಕ್ಕ ಹಾಕಿ

ನನ್ನ ತಂಗಿಯ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅಡಿಕೆ ಸುಲಿಯುವವರ ಲೆಕ್ಕ ಬರೆಯಲು ತಂದಿದ್ದು. ಕೊನೆಯ ನಾಲ್ಕು ಪುಟದಲ್ಲಿ ಅವಳ ವಿಚ್ಛೇದನದ ಖರ್ಚಿದೆ. ಜೆರಾಕ್ಸ್, ಫೋಟೊ, ನೋಟರಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು, ಮಧ್ಯಾಹ್ನದ ಊಟ, ಮತ್ತೆ ಜೆರಾಕ್ಸ್. ಕೋರ್ಟ್ ಶುಲ್ಕ ಒಂದೇ ಸಾಲು, ಅದೂ ಸಣ್ಣ ಮೊತ್ತ. ವಕೀಲರ ಫೀಸು ಮಾತ್ರ ಎರಡು ಕಡೆ ಇದೆ. ಎರಡನೆಯದು ನಾವು ಎಣಿಸಿರಲಿಲ್ಲ. ಮೊದಲು ಮಾತಾಡಿದ್ದು ಅರ್ಜಿ ಹಾಕುವುದಕ್ಕೆ ಮಾತ್ರ ಅಂತ ಆರು ತಿಂಗಳ ಮೇಲೆ ಗೊತ್ತಾಯ್ತು. ಬಾಯಿಮಾತಲ್ಲೇ ಮುಗಿಸಿದ್ದೆವು, ಕೇಳಲು ಕೈಯಲ್ಲಿ ಏನೂ ಇರಲಿಲ್ಲ.

ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಬ್ಬರೂ ಕೂತು ಬರೆಯಿರಿ

ವಕೀಲರ ಕಚೇರಿ ಮೆಟ್ಟಿಲು ಹತ್ತುವ ಮೊದಲು ಎರಡೂ ಮನೆಯ ಒಬ್ಬೊಬ್ಬ ಹಿರಿಯರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಳ್ಳಿ. ಮಕ್ಕಳು ಯಾರ ಹತ್ತಿರ ಇರುತ್ತಾರೆ, ರಜೆಯಲ್ಲಿ ಎಲ್ಲಿ, ಶಾಲೆ ಫೀಸು ಯಾರದ್ದು. ತವರಿನಿಂದ ತಂದ ಚಿನ್ನ ಯಾರ ಬೀರುವಿನಲ್ಲಿದೆ. ಜೀವನಾಂಶ ಎಷ್ಟು, ಯಾವಾಗ. ಇವು ಇತ್ಯರ್ಥವಾಗದೆ ಕೋರ್ಟಿಗೆ ಹೋದರೆ ಒಂದೊಂದು ತಕರಾರಿಗೂ ಒಂದೊಂದು ತಾರೀಕು. ದುಡ್ಡು ಸೋರಿಹೋಗುವುದು ಅಲ್ಲೇ.

ನಮ್ಮ ಕಡೆ ಜೀವನಾಂಶದ ಮಾತು ಬಂದಾಗ "ಅಡಿಕೆ ಮಾರಿದ ಮೇಲೆ ಕೊಡ್ತೀವಿ" ಅನ್ನುವುದು ರೂಢಿ. ಸುಳ್ಳು ಹೇಳುತ್ತಾರೆ ಅಂತಲ್ಲ, ತೋಟದವರ ಕೈಗೆ ದುಡ್ಡು ಬರುವುದೇ ಆಗ. ಆದರೆ ದರ ಏರಲಿ ಅಂತ ಚೀಲ ಕಟ್ಟಿ ಅಟ್ಟದಲ್ಲಿಟ್ಟರೆ? ಹಾಗಾಗಿ ಕಂತು ಮಾಡಿಕೊಳ್ಳಿ, ಪ್ರತಿ ಕಂತಿಗೂ ತಾರೀಕು ಬರೆಯಿರಿ. ಕೊನೆಯ ಕಂತನ್ನು, ಅರ್ಜಿ ಹಾಕಿ ತಿಂಗಳುಗಳಾದ ಮೇಲೆ ಇಬ್ಬರೂ ಕೋರ್ಟಿಗೆ ಬಂದು ಕೊಡುವ ಎರಡನೇ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ ಡಿಡಿಯಲ್ಲಿ ಕೊಡುವಂತೆ ಇಟ್ಟುಕೊಂಡರೆ ಇಬ್ಬರಿಗೂ ಧೈರ್ಯ. ತೋಟವನ್ನೋ ಮನೆಯನ್ನೋ ಬರೆದುಕೊಡುವುದಾದರೆ ನೋಂದಣಿ, ಮುದ್ರಾಂಕದ ಖರ್ಚು ಯಾರದ್ದು ಅಂತಲೂ ಸೇರಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಇನ್ನೊಂದು ಮಾತು. ಪಂಚಾಯ್ತಿ ಮಾಡಿ ಬಾಂಡ್ ಪೇಪರ್ ಮೇಲೆ ಸಹಿ ಹಾಕಿದರೆ ವಿಚ್ಛೇದನ ಆಗಿಹೋಯ್ತು ಅಂತ ನಂಬಿದವರು ಈಗಲೂ ಇದ್ದಾರೆ. ಆ ಕಾಗದವನ್ನು ನಂಬಿ ಇನ್ನೊಂದು ಮದುವೆಯಾದರೆ ಮುಂದೆ ಕಷ್ಟ. ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಬೇಕು.

ಕಾನೂನು ಕೇಳುವುದು ಇಷ್ಟು

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ, ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆಯಾಗಿ ಇದ್ದಿರಬೇಕು. ಅದಕ್ಕಾಗಿ ಬಾಡಿಗೆ ಮನೆ ಹಿಡಿಯಲೇಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ-ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಜಂಟಿ ಅರ್ಜಿ, ಅದರ ಜೊತೆ ಮೊದಲ ಹೇಳಿಕೆ. ಅಲ್ಲಿಂದ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಹೇಳಿಕೆ ಕೊಡಬೇಕು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದೆ ಪಡೆಯಬಹುದು. ಹಾಗಾಗಿ ಪೂರ್ತಿ ಹಣವನ್ನು ಮೊದಲೇ ಕೊಟ್ಟುಬಿಡಬೇಡಿ.

ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದು, ಕೊಡು-ಕೊಳ್ಳುವುದೆಲ್ಲ ಇತ್ಯರ್ಥವಾಗಿದ್ದರೆ ಆರು ತಿಂಗಳ ಕಾಯುವಿಕೆ ಬೇಡ ಅಂತ ಕೇಳಬಹುದು. ಅದಕ್ಕೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಬೆಂಬಲ ಇದೆ. ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟಿದ್ದು.

ಮೊದಲೇ ವರದಕ್ಷಿಣೆ ಕಿರುಕುಳದ ಕೇಸು ಹಾಕಿದ್ದರೆ ಖರ್ಚು ಬೇರೆಯೇ ಆಗುತ್ತದೆ. ರಾಜಿಯಾದರೂ ಅದನ್ನು ಸುಮ್ನೆ ವಾಪಸ್ ಪಡೆಯಲು ಬರುವುದಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು, ಶಿವಮೊಗ್ಗದವರಿಗೆ ಅಂದರೆ ಬೆಂಗಳೂರಿಗೆ.

ವಕೀಲರನ್ನು ಕೇಳಬೇಕಾದದ್ದು

ಅರ್ಜಿ, ಎರಡೂ ಹೇಳಿಕೆ, ಕಾಯುವಿಕೆ ಬೇಡ ಎಂಬ ಅರ್ಜಿ, ಡಿಕ್ರಿಯ ಪ್ರತಿ, ಎಲ್ಲ ಸೇರಿ ಎಷ್ಟು? ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ, ಒಳ್ಳೆಯ ವಕೀಲರು ಬೇಸರ ಮಾಡಿಕೊಳ್ಳುವುದಿಲ್ಲ. "ಬರುವ ಜೀವನಾಂಶದಲ್ಲಿ ಶೇಕಡ ಇಷ್ಟು ನಮಗೆ" ಅಂದರೆ ಎದ್ದು ಬನ್ನಿ. ಹಾಗೆ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ.

ಇಬ್ಬರಿಗೂ ಸೇರಿ ಒಬ್ಬರೇ ವಕೀಲರು ನಡೆಸಿಕೊಡುವುದೂ ಉಂಟು, ಖರ್ಚು ಉಳಿಯುತ್ತದೆ. ಆದರೆ ಮಗು ಇದ್ದರೆ, ಆಸ್ತಿ ಇದ್ದರೆ, ಸಹಿಗೆ ಮೊದಲು ಹೆಣ್ಣಿನ ಕಡೆಯವರು ಬೇರೆ ಒಬ್ಬ ವಕೀಲರಿಂದ ಒಪ್ಪಂದ ಓದಿಸುವುದು ಒಳ್ಳೆಯದು.

ಫೀಸು ಕೊಡಲು ಆಗದಿದ್ದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಮಗೆ ಇದು ತಡವಾಗಿ ಗೊತ್ತಾಯ್ತು ಅನ್ನುವುದೇ ನನಗೆ ಈಗಲೂ ನೋವು.

ಓಡಾಟ

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ವಾ? ಅದರ ಮೇಲೆ ಒಂದು ದಿನದ ಕೂಲಿ ಹೋಗುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತಾರೀಕು ಬಿದ್ದರೆ ಇನ್ನೂ ಕಷ್ಟ. ಅರ್ಜಿ ಹಾಕಿದ ದಿನವೇ ಕೇಸಿನ 16 ಅಕ್ಷರ-ಅಂಕಿಯ ಸಿಎನ್ಆರ್ ಸಂಖ್ಯೆ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು ಕಾಣುತ್ತದೆ. ಆದರೂ ಹಿಂದಿನ ಸಂಜೆ ವಕೀಲರಿಗೊಂದು ಫೋನ್ ಮಾಡಿಯೇ ಹೊರಡಿ. ಒಬ್ಬರು ದೂರದ ಊರಲ್ಲೋ ವಿದೇಶದಲ್ಲೋ ಇದ್ದರೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು.

ಡಿಕ್ರಿ ಆದ ದಿನ ಹಾಗೇ ಊರಿಗೆ ಬಂದುಬಿಡಬೇಡಿ. ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ತೆಗೆದುಕೊಳ್ಳಿ. ರೇಷನ್ ಕಾರ್ಡಿಗೆ, ಪಾಸ್‌ಪೋರ್ಟಿಗೆ ಅದು ಬೇಕಾಗಬಹುದು. ಬ್ಯಾಂಕ್ ಖಾತೆ ಮತ್ತು ವಿಮೆಯ ನಾಮಿನಿ ಹೆಸರನ್ನು ಅದೇ ವಾರ ಬದಲಿಸಿ. ತಂಗಿಯ ನೋಟ್‌ಬುಕ್ಕಿನ ಕೊನೆಯ ಸಾಲು ಅದೇ: "ಡಿಕ್ರಿ ಕಾಪಿ, 3." ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದ್ದಾಳೆ.