ಸಿಇಟಿ ಆಪ್ಷನ್ ಎಂಟ್ರಿ: ಲಿಸ್ಟ್ ಮಾಡೋದ್ರಿಂದ ಹಿಡಿದು ಚಾಯ್ಸ್ ಒತ್ತೋವರೆಗೆ

ಸಿಇಟಿ ರ‍್ಯಾಂಕ್ ಬಂದ ತಕ್ಷಣ ಇಂಜಿನಿಯರಿಂಗ್ ಸೇರೋ ಎಲ್ರೂ ಕೇಳೋದು ಒಂದೇ, ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗತ್ತೆ ಅಂತ. ಅದಕ್ಕಿಂತ ಮೊದ್ಲು ಕೇಳ್ಬೇಕಾದ್ದು ನಂಗೆ ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅಂತ. ಯಾಕಂದ್ರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚೋ ರೀತಿನೇ ಹಾಗಿದೆ: ಬೇಕಾದ ಕಾಲೇಜು, ಬ್ರಾಂಚುಗಳನ್ನ ಇಷ್ಟದ ಕ್ರಮದಲ್ಲಿ ನೀವು ಆನ್‌ಲೈನಲ್ಲಿ ಹಾಕ್ತೀರಿ, ಅದೇ ಆಪ್ಷನ್ ಎಂಟ್ರಿ. ಆಮೇಲೆ ಕೆಇಎ ರ‍್ಯಾಂಕ್ ಪ್ರಕಾರ ಒಬ್ಬೊಬ್ರದೇ ಲಿಸ್ಟ್ ತಗೊಂಡು ಮೇಲಿಂದ ಕೆಳಗೆ ನೋಡ್ಕೊಂಡು ಹೋಗತ್ತೆ, ಮೊದಲ್ನೇದು ಖಾಲಿ ಇದ್ರೆ ಅದೇ, ಇಲ್ಲಾಂದ್ರೆ ಎರಡನೇದು, ಹೀಗೆ. ಅಂದ್ರೆ ಸಿಗಲ್ಲ ಅನ್ಸೋ ಕಾಲೇಜನ್ನ ಮೇಲೆ ಹಾಕಿದ್ರೆ ಏನೂ ನಷ್ಟ ಇಲ್ಲ, ಕೆಳಗಿನ ಆಪ್ಷನ್ನಿಗೆ ನಿಮ್ಮ ಹಕ್ಕು ಹಾಗೇ ಇರತ್ತೆ. ಆದ್ರೆ ಒಳ್ಳೇದು ಸಿಗಲ್ಲ ಅಂತ ಹೆದರ್ಕೊಂಡು ಸಾಧಾರಣ ಕಾಲೇಜನ್ನ ಮೇಲೆ ಹಾಕಿದ್ರೆ ಅದೇ ಬರತ್ತೆ, ಅದ್ರ ಕೆಳಗಿರೋ ಒಳ್ಳೇದು ನಿಮ್ಮ ರ‍್ಯಾಂಕಿಗೆ ಸಿಗ್ತಿದ್ರೂ ಕೈ ತಪ್ಪತ್ತೆ. ಇದನ್ನ ಮನೇಲಿ ಅಪ್ಪ ಅಮ್ಮಂಗೂ ಒಂದ್ಸಲ ಬಿಡಿಸಿ ಹೇಳಿ, ಎಷ್ಟೋ ಮಕ್ಳು ಒಳ್ಳೆ ಸೀಟು ಕಳ್ಕೊಳ್ಳೋದು ಇಲ್ಲೇ.

ಲಿಸ್ಟ್ ಮಾಡೋಕೆ ಕೆಇಎ ವೆಬ್‌ಸೈಟಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಪಿಡಿಎಫ್ ಇರತ್ತೆ (ಕಟ್‌ಆಫ್ ಅಂದ್ರೆ ಆ ಸೀಟು ಸಿಕ್ಕ ಕೊನೇ ರ‍್ಯಾಂಕ್), ಕನಿಷ್ಠ ಎರಡು ವರ್ಷದ್ದು ಇಳಿಸ್ಕೊಳ್ಳಿ. ನೋಡುವಾಗ ನಿಮ್ಮ ಕೆಟಗರಿ ಕಾಲಮ್ಮೇ ನೋಡಿ, 2ಎ (ಹಿಂದುಳಿದ ವರ್ಗದ) ಹುಡುಗ ಜಿಎಂ (ಸಾಮಾನ್ಯ ವರ್ಗದ) ಕಾಲಮ್ ನೋಡಿ ಬೇಜಾರು ಮಾಡ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಇದ್ರೆ ಅದಕ್ಕೂ ಬೇರೆ ಬೇರೆ ಕಟ್‌ಆಫ್ ಇರತ್ತೆ. ಮೊದಲ ರೌಂಡಿಗೂ ಕೊನೆ ರೌಂಡಿಗೂ ವ್ಯತ್ಯಾಸ ಬರತ್ತೆ, ಎರಡೂ ಬರ್ಕೊಳ್ಳಿ. ಇದು ಅಂದಾಜಿಗೆ ಮಾತ್ರ, ಸೀಟು ಹೆಚ್ಚು ಕಮ್ಮಿ ಆದ್ರೆ ಕಟ್‌ಆಫ್ ಕೂಡ ಬದಲಾಗತ್ತೆ.

ಇನ್ನು ಕಾಲೇಜು ಒಳ್ಳೇದಾ ಅಲ್ವಾ ಅಂತ ತಿಳ್ಕೊಳ್ಳೋದು, ಇದಕ್ಕೆ ಟೈಮ್ ಕೊಡಿ ದಯವಿಟ್ಟು. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ಅಳೆಯೋ ಸಂಸ್ಥೆಗಳು. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗೋದು, ಎನ್‌ಬಿಎ ಮಾನ್ಯತೆ ಆಯಾ ಬ್ರಾಂಚಿಗೆ ಸಿಗೋದು, ಹಾಗಾಗಿ ಬೋರ್ಡಲ್ಲಿ ಎನ್‌ಬಿಎ ಅಂತ ಇದ್ರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆ ಇದ್ಯಾ, ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ್ದಾ, ಸ್ವಾಯತ್ತ ಕಾಲೇಜಾ ಅಂತ ನೋಡಿ, ಸ್ವಾಯತ್ತ ಅಂದ್ರೆ ಸಿಲೆಬಸ್ಸು ಪರೀಕ್ಷೆ ಅವರೇ ಮಾಡ್ತಾರೆ, ಡಿಗ್ರಿ ವಿಟಿಯುದೇ ಇರತ್ತೆ. ಪ್ಲೇಸ್‌ಮೆಂಟ್ ಪೋಸ್ಟರಲ್ಲಿ ಅತಿ ದೊಡ್ಡ ಪ್ಯಾಕೇಜ್ ಒಂದೇ ಹಾಕಿರ್ತಾರೆ, ಅದು ಯಾರೋ ಒಬ್ರಿಗೆ ಸಿಕ್ಕಿದ್ದು. ನೀವು ಕೇಳ್ಬೇಕಾದ್ದು ನಿಮ್ಮ ಬ್ರಾಂಚಲ್ಲಿ ಎಷ್ಟು ಜನ ಓದ್ತಿದ್ರು, ಎಷ್ಟು ಜನಕ್ಕೆ ಆಫರ್ ಆಯ್ತು, ಮಧ್ಯದಲ್ಲಿರೋ ವಿದ್ಯಾರ್ಥಿಗೆ ಎಷ್ಟು ಸಂಬಳ ಬಂತು ಅಂತ. ಉತ್ತರ ಕೊಡೋಕೆ ತಡವರಿಸಿದ್ರೆ ಅದನ್ನೂ ನೋಟ್ ಮಾಡ್ಕೊಳ್ಳಿ.

ಸಾಧ್ಯ ಆದ್ರೆ ಕಾಲೇಜು ನಡೀತಿರೋ ದಿನವೇ ಹೋಗಿ. ಸ್ವಾಗತಕ್ಕೆ ನಿಂತಿರೋರ ಹತ್ರ ಮಾತಾಡಿ ಬರೋದಲ್ಲ, ಕ್ಯಾಂಟೀನಲ್ಲೋ ಬಸ್ ಸ್ಟಾಪಲ್ಲೋ ಮೂರನೇ ವರ್ಷದ ಹುಡುಗ್ರನ್ನ ಹಿಡಿದು ಲ್ಯಾಬ್ ನಿಜವಾಗ್ಲೂ ಓಪನ್ ಇರತ್ತಾ, ಮೇಷ್ಟ್ರು ವರ್ಷದ ಮಧ್ಯ ಬಿಟ್ಟು ಹೋಗ್ತಾರಾ, ಹಾಸ್ಟೆಲ್ಲಲ್ಲಿ ನೀರು ಊಟ ಹೇಗೆ ಅಂತ ಕೇಳಿ. ಹೆಣ್ಮಕ್ಳಾದ್ರೆ ಸಂಜೆ ಲ್ಯಾಬ್ ಮುಗಿಸಿ ವಾಪಸ್ ಬರೋ ದಾರಿ, ಬಸ್ಸು ಎಲ್ಲ ನೋಡ್ಕೊಂಡೇ ಬನ್ನಿ.

ಹೆಸರಿನ ಹಿಂದೆ ಮಾತ್ರ ಓಡ್ಬೇಡಿ. ಬೆಂಗಳೂರಿನ ಹೊರಗೂ ದಶಕಗಳಿಂದ ಇಂಜಿನಿಯರುಗಳನ್ನ ತಯಾರು ಮಾಡಿರೋ ಕಾಲೇಜುಗಳಿವೆ, ಮೈಸೂರಿನ ಎನ್‌ಐಇ 1946ರದ್ದು, ಕಲಬುರಗಿಯ ಪಿಡಿಎ 1958ರದ್ದು, ಹಾಸನದ ಮಲೆನಾಡು 1960ರದ್ದು. ಮನೆಯಿಂದ ಓಡಾಡೋ ದೂರದಲ್ಲಿ ಇಂಥದ್ದಿದ್ರೆ ಹಾಸ್ಟೆಲ್ ಖರ್ಚು ಪೂರ್ತಿ ಉಳಿಯತ್ತೆ. ಇನ್ನೊಂದು, ಕೆಲವು ಹಳೇ ಕಾಲೇಜಲ್ಲಿ ಅನುದಾನಿತ ಸೀಟು, ಅನುದಾನರಹಿತ ಸೀಟು ಎರಡೂ ಇರತ್ತೆ, ಫೀಸಲ್ಲಿ ಭಾರೀ ವ್ಯತ್ಯಾಸ, ಅದಕ್ಕೇ ಆಪ್ಷನ್ ಹಾಕುವಾಗ ಕಾಲೇಜಿನ ಹೆಸರೊಂದೇ ಅಲ್ಲ, ಕೋಡು ಮತ್ತೆ ಪಕ್ಕದಲ್ಲಿರೋ ಫೀಸ್ ಎರಡನ್ನೂ ಓದಿ. ಮನೆ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ರೆ ಎಸ್‌ಎನ್‌ಕ್ಯೂ ಕೋಟಾ (ಕಡಿಮೆ ಆದಾಯದವರಿಗೆ ಇರೋ ಹೆಚ್ಚುವರಿ ಸೀಟು) ಕ್ಲೇಮ್ ಮಾಡಿ, ಅದ್ರಲ್ಲಿ ಟ್ಯೂಷನ್ ಫೀಸ್ ಮಾಫಿ, ಉಳಿದ ಫೀಸ್ ಕಟ್ಬೇಕು.

ದಾಖಲೆಗಳನ್ನ ರಿಸಲ್ಟಿಗೆ ಕಾಯದೆ ಮೊದ್ಲೇ ರೆಡಿ ಮಾಡ್ಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನ ಆನ್‌ಲೈನಲ್ಲೇ ತಾಳೆ ನೋಡ್ತಾರೆ, ಹೆಸರಲ್ಲಿ ಒಂದಕ್ಷರ ಹೆಚ್ಚು ಕಮ್ಮಿ ಇದ್ರೂ ನಾಡಕಚೇರಿಗೆ ಈಗ್ಲೇ ಹೋಗಿ. ಗ್ರಾಮೀಣ, ಕನ್ನಡ ಮಾಧ್ಯಮ ಕ್ಲೇಮಿಗೆ 1ರಿಂದ 10ನೇ ಕ್ಲಾಸಿನ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಶಾಲೆ ಬದಲಾಯಿಸಿದ್ರೆ ಅಷ್ಟೂ ಶಾಲೆಗೆ ಅಲೆದಾಟ ಇದೆ.

ಆಪ್ಷನ್ ಹಾಕಿದ್ಮೇಲೆ ಮಾಕ್ ಅಲಾಟ್‌ಮೆಂಟ್ ಬರತ್ತೆ. ಅದು ಸೀಟಲ್ಲ, ಈಗಿರೋ ಲಿಸ್ಟಿಗೆ ಏನು ಬರ್ಬಹುದು ಅಂತ ತೋರ್ಸೋದಷ್ಟೇ, ಆಮೇಲೆ ಲಿಸ್ಟ್ ತಿದ್ದೋಕೆ ಅವಕಾಶ ಕೊಡ್ತಾರೆ. ಆಗ ಪ್ರತಿ ಆಪ್ಷನ್ ಎದುರಿಗೂ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದೊಂದೇ ಸಿಕ್ಕಿದ್ರೆ ಸೇರ್ತೀನಾ? ಇಲ್ಲ ಅನ್ಸಿದ್ರೆ ತೆಗೆದುಹಾಕಿ.

ನಿಜವಾದ ಸೀಟು ಬಂದ್ಮೇಲೆ ಚಾಯ್ಸ್ ಒತ್ಬೇಕು. ಚಾಯ್ಸ್ 1 ಅಂದ್ರೆ ಇದೇ ಸಾಕು, ಫೀಸ್ ಕಟ್ಟಿ ಅಡ್ಮಿಷನ್ ಆರ್ಡರ್ ಇಳಿಸ್ಕೊಂಡು ಕೊನೇ ದಿನಾಂಕದೊಳಗೆ ಕಾಲೇಜಿಗೆ ಹೋಗಿ ಸೇರ್ಕೊಳ್ಳೋದು. ಚಾಯ್ಸ್ 2 ಅಂದ್ರೆ ಇದು ಇರ್ಲಿ, ಆದ್ರೆ ಮುಂದಿನ ರೌಂಡಲ್ಲಿ ಲಿಸ್ಟಿನ ಮೇಲಿಂದು ಸಿಕ್ರೆ ಅದು ಬೇಕು ಅಂತ, ಮೇಲಿಂದು ಸಿಕ್ಕಿದ್ರೆ ಹಳೇದು ತಾನಾಗೇ ಹೋಗತ್ತೆ, ವಾಪಸ್ ಬೇಕು ಅಂದ್ರೆ ಸಿಗಲ್ಲ. ಚಾಯ್ಸ್ 3 ಈ ಸೀಟು ಬೇಡ, ಮುಂದಿನ ರೌಂಡಿಗೆ ಇರ್ತೀನಿ ಅಂತ, ಇದ್ರಲ್ಲಿ ಕೈಯಲ್ಲಿರೋದು ಹೋಗತ್ತೆ, ಹಾಗಾಗಿ ಸಿಕ್ಕಿರೋ ಕಾಲೇಜಿಗೆ ಖಂಡಿತ ಹೋಗಲ್ಲ ಅನ್ನೋರು ಮಾತ್ರ ಒತ್ತಿ. ಚಾಯ್ಸ್ 4 ಪೂರ್ತಿ ಹೊರಗೆ ಬರೋದು, ಕಾಮೆಡ್‌ಕೆಯಲ್ಲೋ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಸುರತ್ಕಲ್‌ನ ಎನ್‌ಐಟಿಕೆ ಥರದ ಕಡೆಗೆ ಜೋಸಾದಲ್ಲೋ (ಐಐಟಿ, ಎನ್‌ಐಟಿಗಳ ಸೀಟು ಹಂಚಿಕೆ) ಸೀಟು ಪಕ್ಕಾ ಆದೋರಿಗೆ. ನನ್ನ ಪ್ರಕಾರ ಅನುಮಾನ ಇದ್ದಾಗ 2ನೇದೇ ವಾಸಿ, ಆದ್ರೆ ಮೇಲೆ ಉಳಿದಿರೋ ಪ್ರತಿಯೊಂದೂ ಈಗ ಸಿಕ್ಕಿದ್ದಕ್ಕಿಂತ ನಿಜವಾಗ್ಲೂ ಇಷ್ಟ ಇದ್ರೆ ಮಾತ್ರ.

ಪಾಸ್‌ವರ್ಡು, ಓಟಿಪಿ ಯಾವ ಏಜೆಂಟಿಗೂ ಕೊಡ್ಬೇಡಿ, ನಿಮ್ಮ ಲಾಗಿನ್ ಇನ್ನೊಬ್ರ ಕೈಗೆ ಹೋದ್ರೆ ನಿಮ್ಮ ಹೆಸರಲ್ಲಿ ಸೀಟು ಬ್ಲಾಕ್ ಮಾಡ್ಬಹುದು. ಸೈಬರ್ ಸೆಂಟರಲ್ಲಿ ಹಾಕಿದ್ರೂ ಪಕ್ಕದಲ್ಲೇ ಕೂತು, ಸಬ್ಮಿಟ್ ಆದ್ಮೇಲೆ ಪ್ರಿಂಟ್ ತಗೊಂಡು, ಕೈಯಲ್ಲಿ ಬರ್ಕೊಂಡಿದ್ದ ಲಿಸ್ಟಿನ ಜೊತೆ ಒಂದೊಂದೇ ಕೋಡು ತಾಳೆ ನೋಡಿ, ಲಾಗೌಟ್ ಮಾಡಿ ಎದ್ದು ಬನ್ನಿ.