ನೀರಿನ ಪಂಪ್ ದುರಸ್ತಿಯ ನಂತರ ಹಳೆಯ ಔಟ್‌ಬೋರ್ಡ್ ಇಂಜಿನ್ ಮರುಜೋಡಣೆ

ನಮ್ಮ ಕರಾವಳಿಯ ನಾಡದೋಣಿಗಳ ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಇಂಜಿನ್‌ಗಳಲ್ಲಿ ಹೊಸ ಇಂಪೆಲ್ಲರ್, ಅಂದರೆ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಕೂರಿಸುವುದಕ್ಕಿಂತ, ಗೇರುಗಳೂ ಪ್ರೊಪೆಲ್ಲರೂ ಇರುವ ಕೆಳಗಿನ ಗೇರ್‌ಕೇಸನ್ನು ಮತ್ತೆ ಮೇಲಕ್ಕೆ ಜೋಡಿಸುವುದೇ ಹೆಚ್ಚು ತಾಳ್ಮೆ ಬೇಡುವ ಕೆಲಸ. ಮೊದಲು ಸ್ಪಾರ್ಕ್ ಪ್ಲಗ್ಗಿನ ವಯರನ್ನು ಕಳಚಿಡಿ.

ಇಂಜಿನ್ನಿನ ತಿರುಗುವಿಕೆಯನ್ನು ಗೇರ್‌ಕೇಸಿಗೆ ಒಯ್ಯುವ ಡ್ರೈವ್ ಶಾಫ್ಟಿನ ಮೇಲ್ತುದಿಯಲ್ಲಿರುವ ಹಲ್ಲುಗಳ ಪಕ್ಕಗಳಿಗೆ ನೀರು ನಿರೋಧಕ ಗ್ರೀಸನ್ನು ತೆಳುವಾಗಿ ಸವರಿ. ಆದರೆ ಶಾಫ್ಟಿನ ನೆತ್ತಿಯ ಮೇಲೆ ಹಚ್ಚಲೇಬೇಡಿ, ಏಕೆಂದರೆ ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟ್ ಪೂರ್ತಿ ಒಳಹೋಗದಂತೆ ತಡೆಯುತ್ತದೆ. ಗೇರ್‌ಕೇಸ್ ಮತ್ತು ಗೇರ್ ಹಿಡಿ ಎರಡೂ ಒಂದೇ ಗೇರಿನಲ್ಲಿರಲಿ.

ಗೇರ್‌ಕೇಸನ್ನು ನೇರವಾಗಿ ಎತ್ತುವಾಗ ಮೂರು ಕಡೆ ಒಟ್ಟಿಗೆ ಕಣ್ಣಿಡಬೇಕಾಗುತ್ತದೆ: ಶಾಫ್ಟ್, ಗೇರ್ ಬದಲಿಸುವ ರಾಡ್ ಮತ್ತು ಪಂಪಿನಿಂದ ಇಂಜಿನ್‌ಗೆ ನೀರು ಒಯ್ಯುವ ಕೊಳವೆ. ಇವುಗಳಲ್ಲಿ ಮೋಸ ಮಾಡುವುದು ಕೊಳವೆಯೇ. ಅದು ಪಂಪಿನ ಮೇಲಿನ ರಬ್ಬರ್ ಬುಷ್‌ನೊಳಗೆ ಇಳಿಯದೆ ಪಕ್ಕಕ್ಕೆ ಜಾರಿದರೂ ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಇಂಜಿನ್‌ಗೆ ನೀರೇ ಏರುವುದಿಲ್ಲ. ಬುಷ್‌ಗೆ ಸ್ವಲ್ಪ ಸೋಪಿನ ನೀರು ಸವರಿ, ಟಾರ್ಚ್ ಹಿಡಿದು ನೋಡುತ್ತಾ ಕೂರಿಸಿ.

ಕೊನೆಯ ಒಂದೆರಡು ಸೆಂಟಿಮೀಟರ್ ಅಂತರ ಮುಚ್ಚದಿದ್ದರೆ ಫ್ಲೈವೀಲನ್ನು (ಇಂಜಿನ್ನಿನ ಮೇಲ್ಭಾಗದ ಭಾರವಾದ ಚಕ್ರ) ಮೇಲಿನಿಂದ ನೋಡಿದಂತೆ ಪ್ರದಕ್ಷಿಣವಾಗಿ ಮೆಲ್ಲನೆ ತಿರುಗಿಸಿ. ಹಲ್ಲುಗಳು ಕೂಡಿದಾಗ ಗೇರ್‌ಕೇಸ್ ತಾನಾಗಿ ಮೇಲೇರುತ್ತದೆ. ಬೋಲ್ಟ್ ಬಿಗಿದು ಅದನ್ನು ಎಳೆಯುವ ಆತುರ ದಯವಿಟ್ಟು ಬೇಡ, ಹಳೆಯ ಅಲ್ಯೂಮಿನಿಯಂ ಸೀಳಿಹೋಗಬಹುದು. ಬೋಲ್ಟುಗಳಿಗೂ ಗ್ರೀಸ್ ಹಚ್ಚಿ, ಒಂದಾದ ಮೇಲೊಂದರಂತೆ ಸಮನಾಗಿ ಬಿಗಿಯಿರಿ.

ಗೇರುಗಳು ಸರಿಯಾಗಿ ಬೀಳುತ್ತವೆಯೇ ಎಂದು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಿದ ನಂತರ ವಯರ್ ಜೋಡಿಸಿ, ಪಂಪ್ ಮುಳುಗುವಷ್ಟು ನೀರಿರುವ ಡ್ರಮ್ಮಿನಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಚಾಲೂ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಸೂಚಕ ರಂಧ್ರದಿಂದ (ಪಂಪ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸಣ್ಣ ತೂತು) ನೀರು ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ, ಮತ್ತೆ ಬಿಚ್ಚಿ ಆ ಕೊಳವೆಯನ್ನೇ ಮೊದಲು ನೋಡಿ.